ಮಲಗುವ ಕೋಣೆಯಿಂದ ಹೊರಬಿದ್ದ ಸಾಮಾನು

ವಿಷಮುಕ್ತ, ಪರಿಸರಸ್ನೇಹಿ ಮಲಗುವ ಕೋಣೆ ಬೇಕು ಅಂತ ಹುಡುಕಲು ಕೂತರೆ ಮೊದಲು ಎದುರಾಗುವುದೇ ಕೊಳ್ಳಬೇಕಾದ ವಸ್ತುಗಳ ಪಟ್ಟಿ. ಆರ್ಗ್ಯಾನಿಕ್ ಹಾಸಿಗೆ, ಬಿದಿರಿನ ಚಾದರ, ಏರ್ ಪ್ಯೂರಿಫೈಯರ್, ಗಾಳಿ ಶುದ್ಧ ಮಾಡುವ ಗಿಡ, ಉಪ್ಪಿನ ದೀಪ. ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಗಾಳಿ ಕೆಡಿಸುತ್ತಿರುವುದು ಆಗಲೇ ಕೋಣೆಯೊಳಗೆ ಕೂತಿದೆ. ಅದನ್ನು ಹಾಗೇ ಬಿಟ್ಟು ಮೇಲೆ ಇನ್ನೊಂದಿಷ್ಟು ತಂದು ತುಂಬಿದರೆ ಬಂದದ್ದೇನು? ಹಾಗಾಗಿ ನನ್ನ ಕೆಲಸ ಶುರುವಾದದ್ದು ಹೊರಗೆ ಹಾಕುವುದರಿಂದ.

ಮಲಗುವ ಕೋಣೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ದಿನದ ಏಳೆಂಟು ಗಂಟೆ ಬಾಗಿಲು ಕಿಟಕಿ ಹಾಕಿಕೊಂಡು, ಮೂಗನ್ನು ಹಾಸಿಗೆ ದಿಂಬಿಗೆ ಒತ್ತಿಕೊಂಡು ಕಳೆಯುವ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ನಮ್ಮವರಿಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು. ರಜೆಗೆ ಮನೆ ಮುಚ್ಚಿ ಹೋಗಿ ಬಂದಾಗಲೆಲ್ಲ ಆ ಕೋಣೆಯ ಬಾಗಿಲು ತೆರೆದರೆ ನನಗೆ ಕಣ್ಣು ಚುರುಗುಟ್ಟುವುದು. ಹೊಸ ಪೇಂಟಿನ ವಾಸನೆಯಾದರೆ ಕಾಲ ಕಳೆದಂತೆ ಹೋಗಬೇಕಿತ್ತಲ್ಲ, ಇದು ಬೇಸಿಗೆಯಲ್ಲಿ ಹೆಚ್ಚುತ್ತಿತ್ತು, ಮಳೆಗಾಲದಲ್ಲೂ ಹೆಚ್ಚುತ್ತಿತ್ತು.

ಕೋಣೆಯನ್ನು ಪೂರ್ತಿ ಖಾಲಿ ಮಾಡಿ, ಒಂದೊಂದೇ ವಸ್ತುವಿನ ಹತ್ತಿರ ಮೂಗು ಒಡ್ಡುತ್ತಾ ಹೋದೆ. ನೋಡಿದವರಿಗೆ ನಗು ಬರುವಂಥ ಕೆಲಸ. ಆದರೆ ಗೋಡೆ ಕಪಾಟಿನ ಕೆಳಗಿನ ಡ್ರಾಯರ್ ಎಳೆದು ಹೊರಗೆ ತೆಗೆದು, ತಿರುಗಿಸಿ ಹಿಡಿದಾಗ ಉತ್ತರ ಸಿಕ್ಕಿತು. ಮುಂಭಾಗಕ್ಕೆ ಹೊಳೆಯುವ ಲ್ಯಾಮಿನೇಟ್, ಒಳಗೆ ಬಿಳಿ ಹಾಳೆ. ಹಿಂದೆ, ಕೆಳಗೆ, ಕೊಯ್ದ ಅಂಚುಗಳಲ್ಲಿ ಮಾತ್ರ ಏನೂ ಇಲ್ಲ. ಒತ್ತಿ ಕೂರಿಸಿದ ಮರದ ಚೂರು ಹಾಗೇ ಬಾಯಿ ತೆರೆದುಕೊಂಡಿತ್ತು. ಹಿಡಿಕೆಗೆ ಅಂತ ಕೊರೆದು, ಆಮೇಲೆ ಬಳಸದೆ ಬಿಟ್ಟ ತೂತುಗಳೂ ಇದ್ದವು. ಅಲ್ಲಿ ಮೂಗಿಟ್ಟರೆ ಅದೇ ಚುರುಗುಟ್ಟುವ ವಾಸನೆ.

ಮರಗೆಲಸಕ್ಕೆ ಬಂದ ಆಚಾರ್ರನ್ನು ಕೇಳಿದೆ, "ಇದು ಯಾವ ಬೋರ್ಡು ಆಚಾರ್ರೇ?"

"ಮುಂದಿನ ಬಾಗಿಲು ಪ್ಲೈವುಡ್ಡು ಅಕ್ಕ. ಒಳಗಿಂದೆಲ್ಲ ಪಾರ್ಟಿಕಲ್ ಬೋರ್ಡು. ಹಿಂದೆ ಹೊಡೆದಿರೋದು ಎಂಡಿಎಫ್."

"ಮಾಡಿಸಿ ಇಷ್ಟು ಕಾಲ ಆದ್ರೂ ವಾಸನೆ ಹೋಗಿಲ್ವಲ್ಲ?"

"ಅಂಚಿಗೆ ಪಟ್ಟಿ ಹಚ್ಚಿಲ್ಲ ನೋಡಿ. ಕಾಣೋ ಕಡೆ ಮಾತ್ರ ಹಚ್ತಾರೆ, ಗೋಡೆ ಕಡೆ ಯಾರು ಬಂದು ನೋಡ್ತಾರೆ?"

ಪಾರ್ಟಿಕಲ್ ಬೋರ್ಡು ಅಂದರೆ ಮರದ ಚೂರು, ಎಂಡಿಎಫ್ ಅಂದರೆ ಮರದ ನಾರು, ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. ಇವನ್ನು ಹಿಡಿದಿಡುವ ಅಂಟು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲ. ಅದಕ್ಕೇ ಕಾರ್ಖಾನೆಯವರಿಗೆ ಪ್ರಿಯ. ತೊಂದರೆ ಏನೆಂದರೆ ಗಾಳಿಯ ತೇವ ತಾಗಿದರೆ ಈ ಅಂಟು ನಿಧಾನಕ್ಕೆ ಒಡೆದು ಫಾರ್ಮಾಲ್ಡಿಹೈಡ್ ಅನಿಲವನ್ನು ಮತ್ತೆ ಬಿಡುತ್ತದೆ. ಬಿಸಿ ಸೇರಿದರೆ ಇನ್ನೂ ಬೇಗ. ಬೇಸಿಗೆ ಮಳೆಗಾಲ ಎರಡರಲ್ಲೂ ಕಣ್ಣು ಉರಿಯುತ್ತಿದ್ದುದರ ಗುಟ್ಟು ಇದೇ. ಪೇಂಟಿನ ದ್ರಾವಕ ಆರಿ ಹೋಗುವಂಥದ್ದು. ಅಂಟಿನದು ವರ್ಷಗಟ್ಟಲೆ ಸಣ್ಣಗೆ ನಡೆಯುತ್ತಲೇ ಇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ, ಅರ್ಧ ಗಂಟೆಯ ಸರಾಸರಿ. ಕಪಾಟಿನ ಪಕ್ಕ ಮಲಗಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಕಣ್ಣು ಮೂಗು ಉರಿಸುವುದನ್ನು ತಲೆಯ ಪಕ್ಕ ಇಟ್ಟುಕೊಂಡು ಮಲಗುವುದಕ್ಕೂ ಕಾರಣ ಬೇಕಲ್ಲ, ಅಷ್ಟೇ.

ಕಪಾಟನ್ನು ಕಿತ್ತೆಸೆಯುವುದು ಸುಲಭ. ಪರಿಸರಸ್ನೇಹಿ ಕೋಣೆ ಮಾಡಹೊರಟು ಒಂದು ಲಾರಿ ಬೋರ್ಡನ್ನು ಕಸಕ್ಕೆ ಕಳಿಸುವುದು ನನಗೆ ಸರಿ ಕಾಣಲಿಲ್ಲ. ತೇವ ಕುಡಿದು ಉಬ್ಬಿದ್ದ ಕೆಳಗಿನ ಡ್ರಾಯರುಗಳನ್ನೂ ಮಂಚದ ತಲೆಯ ಬದಿಗಿದ್ದ ಎಂಡಿಎಫ್ ಹಲಗೆಯನ್ನೂ ತೆಗೆಸಿದೆ. ಉಳಿದದ್ದಕ್ಕೆ ಆಚಾರ್ರು ಕೊಯ್ದ ಅಂಚಿಗೆಲ್ಲ ಪಟ್ಟಿ ಅಂಟಿಸಿದರು, ತೂತುಗಳನ್ನು ಮುಚ್ಚಿದರು. ಪಟ್ಟಿ ಕೂರದ ಹಿಂಬದಿಗೂ ಮೂಲೆಗಳಿಗೂ ಅರಗಿನ ಪಾಲಿಶ್, ಮೇಲಿಂದ ಮೇಲೆ ಹಲವು ಕೈ. ಅರಗನ್ನು ಕರಗಿಸುವುದು ಸ್ಪಿರಿಟ್‌ನಲ್ಲಿ. ಬಳಿಯುವಾಗ ಘಾಟು ಜೋರು, ಆದರೆ ಸ್ಪಿರಿಟ್ ಬೇಗ ಹಾರಿಹೋಗಿ ಅರಗಿನ ತೆಳು ಪದರ ಉಳಿಯುತ್ತದೆ. ಅನಿಲ ಪೂರ್ತಿ ನಿಲ್ಲುವುದಿಲ್ಲ, ಹೊರಬರುವುದು ಕಡಿಮೆಯಾಗುತ್ತದೆ. ಮೂಗಿಗೆ ಸಿಕ್ಕ ವ್ಯತ್ಯಾಸ ಮಾತ್ರ ಈ ಇಡೀ ಕೆಲಸದಲ್ಲೇ ದೊಡ್ಡದು.

ಹೊಸ ಡ್ರಾಯರಿಗೆ ಬೋರ್ಡು ಆರಿಸುವಾಗ ಅಂಗಡಿಯವರ ಬಾಯಲ್ಲಿ ಇ-ಝೀರೋ, ಇ-ಒನ್ ಅಂತ ಧಾರಾಳವಾಗಿ ಬರುತ್ತದೆ. ಬೋರ್ಡು ಎಷ್ಟು ಅನಿಲ ಬಿಡುತ್ತದೆ ಎಂದು ಹೇಳುವ ದರ್ಜೆಗಳು ಅವು. ಇ-ಒನ್ ಯುರೋಪಿನ ದರ್ಜೆ, ಪರೀಕ್ಷಾ ಕೋಣೆಯ ಗಾಳಿಯಲ್ಲಿ ಸುಮಾರು 0.1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ) ಫಾರ್ಮಾಲ್ಡಿಹೈಡ್ ಮಿತಿ. ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ (ಕಾರ್ಬ್) ಎರಡನೇ ಹಂತದ ನಿಯಮ ಬೋರ್ಡಿನಿಂದ ಬೋರ್ಡಿಗೆ ಬೇರೆ: ಪ್ಲೈವುಡ್‌ಗೆ 0.05, ಪಾರ್ಟಿಕಲ್ ಬೋರ್ಡ್‌ಗೆ 0.09, ಎಂಡಿಎಫ್‌ಗೆ 0.11 ಪಿಪಿಎಂ. ಅಂದರೆ ದರ್ಜೆ ಒಂದೇ ಆದರೂ ಎಂಡಿಎಫ್‌ಗೆ ಪ್ಲೈವುಡ್ಡಿನ ಎರಡರಷ್ಟಕ್ಕೂ ಮೇಲೆ ಬಿಡಲು ಅನುಮತಿ ಇದೆ. ಇದನ್ನು ತಿಳಿದುಕೊಂಡ ಮೇಲೆ "ಬೋರ್ಡಿನ ಮೇಲೆ ಅಚ್ಚಾದ ಮುದ್ರೆ ತೋರಿಸಿ" ಅಂತ ಕೇಳುವ ಧೈರ್ಯ ಬಂತು. ಮುದ್ರೆ ಇಲ್ಲದ ಕಡೆ ಮಾತು ಎಷ್ಟು ಸಿಹಿಯಾಗಿದ್ದರೂ ಹಿಂದೆ ಬಂದೆ.

ಮಂಚಕ್ಕೆ ಹೊಸದು ಬೇಕಾಗಲಿಲ್ಲ. ಅಮ್ಮನ ಕಾಲದ ಗಟ್ಟಿ ಮರದ ಮಂಚ ಅಟ್ಟದಲ್ಲಿ ಬಿಚ್ಚಿಟ್ಟದ್ದಿತ್ತು. ಹಳೆಯ ಸಾಮಾನು ಅಂದರೆ ಸುರಕ್ಷಿತ ಅಂತ ಕಣ್ಣು ಮುಚ್ಚಿ ನಂಬುವವರಿಗೆ ಒಂದು ಮಾತು: ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸ ಹಾಕುವುದನ್ನು ನಿಷೇಧಿಸಿದ್ದೇ 1978ರಲ್ಲಿ. ಈಗ ಹಲವು ದೇಶಗಳಲ್ಲಿ ಮಿತಿ 90 ಪಿಪಿಎಂ. ನಮ್ಮ ಮಂಚಕ್ಕೆ ಇದ್ದದ್ದು ಪಾಲಿಶ್, ಬಣ್ಣವಲ್ಲ, ಹಾಗಾಗಿ ಬಚಾವು. ಕಿಟಕಿಯ ಚೌಕಟ್ಟಿನ ಕಥೆ ಬೇರೆ. ಪದರದ ಮೇಲೆ ಪದರ ಎನಾಮೆಲ್, ಅಲ್ಲಲ್ಲಿ ಸಿಪ್ಪೆ ಏಳುತ್ತಿತ್ತು. ಪೇಂಟಿನ ಹುಡುಗ ಮರಳು ಕಾಗದ ಹಿಡಿದು ಉಜ್ಜಲು ಹೊರಟಾಗ ತಡೆದೆ. ಒಣಗಿದ್ದಾಗ ಉಜ್ಜಿದರೆ ಚೌಕಟ್ಟಿಗೆ ಅಂಟಿಕೊಂಡು ಸುಮ್ಮನಿದ್ದ ಸೀಸ ಧೂಳಾಗಿ ಕೋಣೆ ತುಂಬುತ್ತದೆ, ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ನೀರು ಚಿಮುಕಿಸಿ, ಎದ್ದ ಸಿಪ್ಪೆಯನ್ನಷ್ಟೇ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಹೊಸ ಬಣ್ಣ ಬಳಿದು ಮುಚ್ಚಿದೆವು. ಗಟ್ಟಿಯಾಗಿ ಕೂತಿರುವ ಹಳೆ ಬಣ್ಣವನ್ನು ಕೆಣಕದಿರುವುದೇ ಒಳ್ಳೆಯದು.

ಗೋಡೆಗೆ ಸುಣ್ಣ ಬಳಿಯಬೇಕೆಂಬ ಆಸೆ ನನಗೆ ಮೊದಲಿಂದ. ಆದರೆ ಎಮಲ್ಷನ್ ಬಳಿದ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅದಕ್ಕೆ ಹೀರಿಕೊಳ್ಳುವ ಗಾರೆ ಬೇಕು. ನಮ್ಮ ಪುಣ್ಯಕ್ಕೋ ಪಾಪಕ್ಕೋ ಒಂದು ಗೋಡೆ ಬಚ್ಚಲುಮನೆಯ ಕಡೆಯಿಂದ ತೇವ ಬಂದು ಬೂಷ್ಟು ಹಿಡಿದಿತ್ತು. ಬೂಷ್ಟಿನ ಮೇಲೆ ಯಾವ ಬಣ್ಣ ಬಳಿದರೂ ಅದು ಅಡಗಿ ಕೂರುವುದು ಸ್ವಲ್ಪ ಕಾಲ ಮಾತ್ರ. ಮೊದಲು ಸೋರುತ್ತಿದ್ದ ಪೈಪಿನ ಜಾಯಿಂಟ್ ಸರಿಪಡಿಸಿ, ಗಾರೆ ಕೆತ್ತಿಸಿ, ಗೋಡೆ ಒಣಗಲು ವಾರಗಟ್ಟಲೆ ಬಿಟ್ಟು, ಹೊಸ ಗಾರೆ ಮಾಡಿಸಿದ್ದಾಯಿತು. ಆ ಒಂದು ಗೋಡೆಗೆ ಸುಣ್ಣ ಬಿತ್ತು.

ಸುಣ್ಣ ಬಳಿಯುವುದನ್ನು ಹತ್ತಿರದಿಂದ ನೋಡದವರಿಗೆ ಮೊದಲ ಕೈ ನಿರಾಸೆ ತರುತ್ತದೆ. ಹಾಲಿನಷ್ಟು ತೆಳ್ಳಗೆ ಕಲಸಿ, ನೀರು ಚಿಮುಕಿಸಿದ ಗೋಡೆಗೆ ಕುಂಚ ಎಳೆದರೆ ಏನೂ ಕಾಣುವುದಿಲ್ಲ. ಗಾರೆಯ ಬೂದು ಬಣ್ಣ ಹಾಗೇ ಇಣುಕುತ್ತದೆ. ದಪ್ಪ ಮಾಡಿ ಬಳಿಯೋಣ ಅನಿಸುತ್ತದೆ, ಹಾಗೆ ಮಾಡಿದರೆ ಆರಿದ ಮೇಲೆ ಬಿರುಕು ಬಿಟ್ಟು ಉದುರುತ್ತದೆ. ಆರುತ್ತಾ ಬಂದಂತೆ ಅಂಚಿನಿಂದ ಬಿಳುಪು ಏರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ಮತ್ತೆ ಸುಣ್ಣದ ಕಲ್ಲಾಗುವ ಪ್ರಕ್ರಿಯೆ ಅದು, ವಾರಗಳ ಕಾಲ ನಡೆಯುತ್ತದೆ. ಹಸಿ ಸುಣ್ಣ ತೀರಾ ಕ್ಷಾರ, ಪಿಎಚ್ 12ರ ಮೇಲೆ. ಬೂಷ್ಟಿಗೆ ಅದು ಆಗಿಬರುವುದಿಲ್ಲ, ನಮ್ಮ ಕಣ್ಣಿಗೂ ಆಗಿಬರುವುದಿಲ್ಲ. ಕನ್ನಡಕ, ಕೈಗವಸು ಇಲ್ಲದೆ ಆ ಬಕೆಟ್ಟಿನ ಹತ್ತಿರ ಯಾರನ್ನೂ ಬಿಡಬೇಡಿ. ಒರಗಿದರೆ ಬಟ್ಟೆಗೆ ಬಿಳಿ ಹತ್ತುವುದೂ ನಿಜ, ಹಾಗಾಗಿ ಮಂಚವನ್ನು ಆ ಗೋಡೆಗೆ ತಾಗಿಸಿಲ್ಲ.

ಉಳಿದ ಗೋಡೆಗಳಿಗೆ ಕಡಿಮೆ ವಿಒಸಿ ಎಮಲ್ಷನ್. ವಿಒಸಿ ಅಂದರೆ ಬಣ್ಣದಿಂದ ಗಾಳಿಗೆ ಹಾರುವ ರಾಸಾಯನಿಕಗಳು. ಲೀಟರಿಗೆ 50 ಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಹಾಗೆ ಕರೆಯುತ್ತಾರೆ, 5 ಗ್ರಾಂಗಿಂತ ಕಡಿಮೆಯಾದರೆ ಝೀರೋ ಅನ್ನುತ್ತಾರೆ. ಡಬ್ಬದ ಮೇಲಿನ ಅಂಕಿ ಬಿಳಿ ಬೇಸ್‌ಗೆ. ಅಂಗಡಿಯ ಯಂತ್ರ ಸೇರಿಸುವ ಬಣ್ಣದಲ್ಲಿ ದ್ರಾವಕ ಇದ್ದರೆ ಲೆಕ್ಕ ಬದಲಾಗುತ್ತದೆ, ಗಾಢ ಬಣ್ಣಕ್ಕೆ ಹೆಚ್ಚು ಬೇಕಾಗುತ್ತದೆ. ತಿಳಿ ಬಣ್ಣವೇ ಆಯ್ಕೆಯಾದದ್ದರಲ್ಲಿ ಇದರ ಪಾಲೂ ಇದೆ. ಬಳಿದ ಮೇಲೆ ಕೆಲವು ವಾರ ನಾವು ನಡುಮನೆಯಲ್ಲೇ ಮಲಗಿದೆವು, ಕೋಣೆಯ ಕಿಟಕಿ ಹಗಲೆಲ್ಲ ತೆರೆದಿತ್ತು.

ಹಾಸಿಗೆಯ ವಿಷಯಕ್ಕೆ ಬಂದರೆ ತಲೆ ಚಿಟ್ಟು ಹಿಡಿಯುವಷ್ಟು ಲೇಬಲ್‌ಗಳು. ಫೋಮ್ ಹಾಸಿಗೆ ಅಂದರೆ ಪಾಲಿಯುರೆಥೇನ್. ಅದರ ಮೇಲಿನ ಹಳೆಯ ದೂರು ಬೆಂಕಿ ತಡೆಯಲು ಸೇರಿಸುವ ರಾಸಾಯನಿಕಗಳದ್ದು. ಕ್ಯಾಲಿಫೋರ್ನಿಯಾದ 1975ರ ಒಂದು ನಿಯಮ ಪೀಠೋಪಕರಣದ ಫೋಮಿಗೆ ತೆರೆದ ಜ್ವಾಲೆಯ ಪರೀಕ್ಷೆ ಇಟ್ಟಿತು. ಅದರಲ್ಲಿ ಪಾಸಾಗಲು ಬ್ರೋಮಿನ್ ಇರುವ ವಸ್ತುಗಳನ್ನು ಫೋಮಿಗೆ ಬೆರೆಸುವುದು ವಾಡಿಕೆಯಾಯಿತು. ಅವು ಫೋಮಿನಲ್ಲೇ ಉಳಿಯದೆ ಮನೆಯ ಧೂಳಿಗೆ, ಧೂಳಿನಿಂದ ದೇಹಕ್ಕೆ ಸೇರಿದವು. ಅವುಗಳಲ್ಲಿ ಪೆಂಟಾ-ಬಿಡಿಇ ಎಂಬುದು 2009ರಲ್ಲಿ, ಬಹುಕಾಲ ನಾಶವಾಗದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿತು. ಕ್ಯಾಲಿಫೋರ್ನಿಯಾ ಕೂಡ 2013ರಲ್ಲಿ ಪರೀಕ್ಷೆಯನ್ನೇ ಬದಲಿಸಿತು. ನಮ್ಮ ಹಳೆಯ ಫೋಮ್ ಹಾಸಿಗೆ ನಡುವೆ ಕುಸಿದು, ಹೊಲಿಗೆ ಬಿಟ್ಟ ಕಡೆ ಹಳದಿ ಪುಡಿ ಉದುರಿಸುತ್ತಿತ್ತು. ಅದರಲ್ಲಿ ಏನೇನಿತ್ತೋ, ಪುಡಿ ಉದುರುವ ಫೋಮ್ ಮುಖದ ಕೆಳಗೆ ಬೇಡ ಅನ್ನಲು ಪ್ರಯೋಗಾಲಯ ಬೇಕಿರಲಿಲ್ಲ.

ಬದಲಿಗೆ ಏನು? ಲೇಬಲ್‌ಗಳನ್ನು ಬಿಡಿಸಿ ಓದಿದಾಗ ಇಷ್ಟು ತಿಳಿಯಿತು. ಗಾಟ್ಸ್ ಸಾವಯವ ಬಟ್ಟೆಯ ಮುದ್ರೆ: ನೂಲಿನಲ್ಲಿ ಕನಿಷ್ಠ 70 ಶೇಕಡಾ ಸಾವಯವ ಇರಬೇಕು, ಬರೀ 'ಆರ್ಗ್ಯಾನಿಕ್' ಎನ್ನಬೇಕಾದರೆ 95. ಗೋಲ್ಸ್ ಸಾವಯವ ರಬ್ಬರಿನ ಲೇಟೆಕ್ಸ್‌ಗೆ ಇರುವಂಥದ್ದು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100ಕ್ಕೂ ಸಾವಯವಕ್ಕೂ ಸಂಬಂಧವೇ ಇಲ್ಲ, ತಯಾರಾದ ಬಟ್ಟೆಯಲ್ಲಿ ಹಾನಿಕರ ವಸ್ತು ಎಷ್ಟು ಉಳಿದಿದೆ ಎಂದು ನೋಡುತ್ತದೆ. ನನ್ನ ಮಟ್ಟಿಗೆ ಮಲಗುವವರಿಗೆ ಬೇಕಾದದ್ದು ಈ ಕೊನೆಯದೇ. ಹತ್ತಿ ಬೆಳೆದ ಹೊಲ ಶುದ್ಧವಾಗಿದ್ದು ಬಟ್ಟೆಗೆ ಹಾಕಿದ ಬಣ್ಣ ಕೆಟ್ಟದ್ದಾದರೆ ಚರ್ಮಕ್ಕೆ ಹೊಲದಿಂದ ಏನು ಉಪಕಾರ? ಗಾಟ್ಸ್ ಕೂಡ ಬಣ್ಣ, ರಾಸಾಯನಿಕಗಳಿಗೆ ಮಿತಿ ಇಡುತ್ತದೆ, ಮಣ್ಣಿಗೂ ರೈತನಿಗೂ ಅದು ಮುಖ್ಯ, ಅದನ್ನು ಅಲ್ಲಗಳೆಯುತ್ತಿಲ್ಲ.

ಕೊನೆಗೆ ಕೆಳಗೆ ತೆಂಗಿನ ನಾರಿನ ಪದರ, ಮೇಲೆ ಹತ್ತಿಯ ಹಾಸಿಗೆ. ದಿಂಬಿಗೆ ಬೂರುಗದ ಹತ್ತಿ. ನಾರನ್ನು ಕೂಡಿಸಿರುವುದು ರಬ್ಬರ್ ಹಾಲಿನಿಂದ, ಹಾಗಾಗಿ ಮೊದಮೊದಲು ರಬ್ಬರಿನ ವಾಸನೆ ಇತ್ತು. ಲೇಟೆಕ್ಸ್ ಅಲರ್ಜಿ ಇರುವವರು ಇದನ್ನು ಕೇಳಿಯೇ ಕೊಳ್ಳಬೇಕು. ಮೊದಲ ರಾತ್ರಿಗಳಲ್ಲಿ ನಮ್ಮವರು "ಇದರ ಬದಲು ನೆಲವೇ ಮೆತ್ತಗಿತ್ತು ಕಣೇ" ಅಂತ ಗೊಣಗಿದರು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಹತ್ತಿ ಅದುಮಿಕೊಳ್ಳುತ್ತದೆ, ಆಗಾಗ ಬಿಸಿಲಿಗೆ ಹಾಕಬೇಕು, ತಿರುಗಿಸಲು ಇಬ್ಬರು ಬೇಕು, ಭಾರ. ಆದರೆ ಹತ್ತಿ ಅದುಮಿ ಕೂತರೆ ಬಿಚ್ಚಿಸಿ, ಹಿಂಜಿಸಿ, ಮತ್ತೆ ತುಂಬಿಸಬಹುದು. ಕುಸಿದ ಫೋಮಿಗೆ ಆ ದಾರಿ ಇಲ್ಲ.

ಬಿದಿರಿನ ಚಾದರ ಬೇಡವೆಂದದ್ದಕ್ಕೂ ಕಾರಣವಿದೆ. ರೇಷ್ಮೆಯಂತೆ ಜಾರುವ ಆ ಬಟ್ಟೆ ಬಹುಪಾಲು ವಿಸ್ಕೋಸ್. ಬಿದಿರಿನ ತಿರುಳನ್ನು ಕಾರ್ಬನ್ ಡೈಸಲ್ಫೈಡ್ ಬಳಸಿ ಕರಗಿಸಿ ಎಳೆದ ನೂಲು. ಚಾದರದ ಮೇಲೆ ಮಲಗಿದವರಿಗಿಂತ ಅದನ್ನು ತಯಾರಿಸುವ ಕಾರ್ಮಿಕರ ನರಗಳಿಗೆ ಅದು ಅಪಾಯ. ಸಾದಾ ಹತ್ತಿ ಚಾದರದಲ್ಲೂ 'ಇಸ್ತ್ರಿ ಬೇಡ, ಸುಕ್ಕಾಗದು' ಎಂದಿರುವುದನ್ನು ಬಿಟ್ಟೆ. ಸುಕ್ಕು ತಡೆಯುವ ರಾಳದಲ್ಲಿ ಮತ್ತದೇ ಫಾರ್ಮಾಲ್ಡಿಹೈಡ್. ಬೇರೆ ಯಾವುದೇ ಹೊಸ ಬಟ್ಟೆಯಾದರೂ ಒಗೆದೇ ಹಾಸುವುದು.

ಸಣ್ಣಪುಟ್ಟವು ಬೇಗ ಬೇಗ ಹೊರಬಿದ್ದವು. ಬಟ್ಟೆಗಳ ನಡುವಿನ ನುಸಿ ಗುಳಿಗೆ ಮೊದಲು. ನ್ಯಾಫ್ತಲೀನ್ ಘನದಿಂದ ನೇರ ಆವಿಯಾಗುವುದರಿಂದಲೇ ಹುಳ ಸಾಯುವುದು, ಅದೇ ಆವಿ ನಮ್ಮ ಮೂಗಿಗೂ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಗೋಡೆಗೆ ಸಿಕ್ಕಿಸುವ ಸುವಾಸನೆಯ ಯಂತ್ರ, ಪ್ಲಾಸ್ಟಿಕ್ ಲೇಪದ ದಪ್ಪ ಪರದೆ, ಧೂಳು ಹಿಡಿಯುವ ಕಾರ್ಪೆಟ್ಟು. ನಿಂಬೆ ಪರಿಮಳದ ಲಿಮೊನೀನ್ ಗಾಳಿಯ ಓಝೋನಿನ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ ಎಂದು ಗೊತ್ತಾದ ಮೇಲೆ 'ಫ್ರೆಶ್' ವಾಸನೆಯ ಮೇಲಿನ ವ್ಯಾಮೋಹವೇ ಹೋಯಿತು. ಸೊಳ್ಳೆ ಬತ್ತಿಯ ಬದಲು ಕಿಟಕಿಗೆ ಜಾಲರಿ, ಮಂಚಕ್ಕೆ ಪರದೆ. ಗಿಡಗಳನ್ನು ಇಟ್ಟಿದ್ದೇನೆ, ಚೆಂದಕ್ಕೆ. 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದವರ ಪ್ರಕಾರ, ಕಟ್ಟಡದ ಸಾಮಾನ್ಯ ಗಾಳಿ ಸಂಚಾರಕ್ಕೆ ಸರಿಗಟ್ಟಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಅಷ್ಟು ಗಿಡ ಇಟ್ಟರೆ ಮಲಗುವುದೆಲ್ಲಿ?

ಇನ್ನು ಗಾಳಿ. ಪರಿಚಯದವರೊಬ್ಬರಿಂದ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ತಂದು ತಲೆದೆಸೆಯಲ್ಲಿಟ್ಟೆ. ಹೊರಗಿನ ಗಾಳಿಯಲ್ಲಿ ಅದು 400 ಪಿಪಿಎಂ ಆಸುಪಾಸು ಇರುತ್ತದೆ. ಎಲ್ಲ ಮುಚ್ಚಿ ಮಲಗಿದ ರಾತ್ರಿ ಬೆಳಗಿನ ಜಾವಕ್ಕೆ 2000 ದಾಟಿತ್ತು. ಆ ಪ್ರಮಾಣ ವಿಷವೇನಲ್ಲ, ಆದರೆ ನಾವು ಬಿಟ್ಟ ಉಸಿರೇ ಹೊರಗೆ ಹೋಗುತ್ತಿಲ್ಲ ಎಂದಾದರೆ ಕಪಾಟು ಬಿಟ್ಟದ್ದೂ ಹೋಗುತ್ತಿಲ್ಲ ಎಂದೇ ಅರ್ಥ. ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದು, ಬಾಗಿಲ ಕೆಳಗೆ ಸಂದು ಬಿಡಿಸಿದೆವು. ಅಂಕಿ ಅರ್ಧಕ್ಕೂ ಕೆಳಗೆ ಇಳಿಯಿತು. ಅದೇ ಮೀಟರಿನಲ್ಲಿ ಫಾರ್ಮಾಲ್ಡಿಹೈಡ್ ತೋರಿಸುವ ಮೂಲೆಯೂ ಇತ್ತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಹತ್ತಿರ ಹೋದರೆ ಕೆಂಪು ದೀಪ ಹೊತ್ತಿಸಿ ಕಿರುಚುತ್ತಿತ್ತು. ಇಂಥ ಅಗ್ಗದ ಸಂವೇದಕಗಳಿಗೆ ಮದ್ಯಸಾರವೂ ಒಂದೇ, ಫಾರ್ಮಾಲ್ಡಿಹೈಡೂ ಒಂದೇ. ಅವನ್ನು ನಂಬಿ ಗಾಬರಿಯಾಗುವುದೂ ಬೇಡ, ನೆಮ್ಮದಿಯಾಗುವುದೂ ಬೇಡ.

ಏರ್ ಪ್ಯೂರಿಫೈಯರ್ ಕೊಳ್ಳಲಿಲ್ಲ. ಹೊರಗಿನ ಹೊಗೆ, ಧೂಳು ಹೆಚ್ಚಿರುವ ಕಡೆ ಹೆಪಾ ಫಿಲ್ಟರ್ ನಿಜವಾಗಿ ಕೆಲಸಕ್ಕೆ ಬರುತ್ತದೆ, 0.3 ಮೈಕ್ರಾನ್ ಕಣಗಳನ್ನು 99.97 ಶೇಕಡಾ ಹಿಡಿಯುತ್ತದೆ. ಅನಿಲ ಅದರೊಳಗಿಂದ ಹಾಗೇ ಹಾದುಹೋಗುತ್ತದೆ; ಅದಕ್ಕೆ ಬೇರೆಯೇ ಇದ್ದಿಲಿನ ಫಿಲ್ಟರ್ ಬೇಕು, ಅದು ತುಂಬಿದ ಮೇಲೆ ಬದಲಿಸುತ್ತಿರಬೇಕು. ನಮ್ಮ ತೊಂದರೆ ಅನಿಲದ್ದು ಮತ್ತು ತೇವದ್ದು.

ತೇವದ ವಿಷಯ ನಮ್ಮವರ ಸೀನಿಗೆ ಹತ್ತಿರದ್ದು. ಹಾಸಿಗೆಯಲ್ಲಿ ವಾಸಿಸುವ ಧೂಳಿನ ನುಸಿಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ತೇವಾಂಶ 50 ಶೇಕಡಾಕ್ಕಿಂತ ಕೆಳಗೆ ಉಳಿದರೆ ಒಣಗಿ ಸಾಯುತ್ತವೆ. ಎದ್ದ ಕೂಡಲೇ ಹಾಸಿಗೆಯನ್ನು ಅಚ್ಚುಕಟ್ಟಾಗಿ ಮುಚ್ಚುವ ಅಭ್ಯಾಸ ಬಿಟ್ಟು, ಹೊದಿಕೆ ಮಡಚಿ ಸ್ವಲ್ಪ ಹೊತ್ತು ಗಾಳಿಗೆ ಬಿಡುತ್ತೇವೆ. ಚಾದರ, ದಿಂಬಿನ ಚೀಲ 60 ಡಿಗ್ರಿ ಬಿಸಿನೀರಿನಲ್ಲಿ ಒಗೆತ. ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಸೀನು ನಿಂತಿಲ್ಲ, ಸಾಲು ಮಾತ್ರ ಗಿಡ್ಡವಾಗಿದೆ. ಅದರಲ್ಲಿ ಹಾಸಿಗೆಯ ಪಾಲೆಷ್ಟು, ಕಪಾಟಿನ ಪಾಲೆಷ್ಟು, ಕಿಟಕಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವಂತಿಲ್ಲ, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬದಲಾದವು.

ಕಪಾಟಿನ ಹಿಂಬದಿಯ ಎಂಡಿಎಫ್ ಹಲಗೆ ಇನ್ನೂ ಅರಗಿನ ಲೇಪದ ಮೇಲೇ ನಡೆಯುತ್ತಿದೆ. ಅದನ್ನು ತೆಗೆದು ತೆಳು ಪ್ಲೈವುಡ್ ಹೊಡೆಯೋಣ ಅಂತ ಆಚಾರ್ರು ಹೇಳಿದ್ದಾರೆ. ಯಾವ ಅಂಟಿನದು ಎಂದು ತಯಾರಕರಿಂದ ಬರಹದಲ್ಲಿ ಬಂದ ಮೇಲೆ ಕೆಲಸ ಶುರು ಎಂದಿದ್ದೇನೆ. "ಆಯ್ತಕ್ಕ, ಈ ಸಲ ಗೋಡೆ ಕಡೆಗೂ ಪಟ್ಟಿ ಹಚ್ಚೋಣ" ಅಂದರು.